ಬೂಸ್ಟ್ ಏರದ ಕಾರು

"ಆಪಂಡಿ! ಎಂಜಿನ್ ಆಪಂಡಿ!"

ಋಷಿಕೊಂಡದ ರಸ್ತೆಗೆ ಅಡ್ಡ ನಿಂತು ತೆಲುಗಿನಲ್ಲಿ ಕಿರುಚಿದ ಹುಡುಗಿಯನ್ನು ಕಂಡು ಜಯದೇವ ಗಕ್ಕನೆ ಬ್ರೇಕ್ ಒತ್ತಿದ.

"ಇಕಿಗೇನ್ ಹುಚ್ಚು ಹಿಡದೈತೇನು!" ಎಂದು ಗೊಣಗಿಕೊಂಡ.

"ಹುಚ್ಚು ನನಗಲ್ಲ, ನಿಮ್ಮ ಎಂಜಿನ್‌ಗೆ!" ಕಿಟಕಿಯೊಳಗೆ ಕೈ ಹಾಕಿ ಅವಳು ಕೀ ತಿರುಗಿಸಿಯೇಬಿಟ್ಟಳು. "ಒಳಗೆ ಟಿಕ್ ಟಿಕ್ ಅಂತ ಬಡ್ಕೊಳ್ತಿದೆ, ಕೇಳಿಸ್ತಿಲ್ವಾ? ಇನ್ನು ಸ್ವಲ್ಪ ದೂರ ಓಡಿಸಿದ್ರೆ ಪಿಸ್ಟನ್ ಕರಗುತ್ತೆ ಕದಾ!"

ಜಯದೇವ ಕಾರಿನಿಂದ ಇಳಿದು ಅವಳನ್ನು ದಿಟ್ಟಿಸಿದ. ವಿಶಾಖಪಟ್ಟಣದಲ್ಲಿ ಕನ್ನಡ! ಅದೂ ಬೈಗುಳದ ರೂಪದಲ್ಲಿ...

ಅವಳು ಮಂಗಳಾಗೌರಿ. ಇಲ್ಲಿನ ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುವವಳು. ಅಪ್ಪ ಅಶ್ವತ್ಥ, ಮೈಸೂರು ಕಡೆಯ ಬ್ಯಾಂಕ್ ಮ್ಯಾನೇಜರು, ವಿಜಯವಾಡದ ಪಟಮಟದಲ್ಲಿದ್ದರು. ಜಯದೇವ ಧಾರವಾಡದವನು. ನೌಕಾಪಡೆಯಲ್ಲಿ ಹಡಗಿನ ಎಂಜಿನ್ ನೋಡಿಕೊಂಡು, ಅವಧಿ ಮುಗಿಸಿ ಇಲ್ಲೇ ಗ್ಯಾರೇಜು ಇಟ್ಟಿದ್ದ. ಒಂದು ಪುಟ್ಟ ಕಾರಿಗೆ, ಎಂಜಿನ್ನಿಗೆ ಗಾಳಿ ಒತ್ತಿ ತುಂಬಿ ವೇಗ ಹೆಚ್ಚಿಸುವ ಹಳೆಯ ಜಪಾನಿ ಟರ್ಬೊ ಕೂರಿಸಿ, ಸಿಂಗಾಪುರದಿಂದ ಇಸಿಯು ತರಿಸಿದ್ದ. ಎಂಜಿನ್ನಿಗೆ ಎಷ್ಟು ಪೆಟ್ರೋಲು, ಯಾವಾಗ ಕಿಡಿ ಎಂದು ಲೆಕ್ಕ ಹಾಕುವ ಆ ಕಂಪ್ಯೂಟರ್ ಡಬ್ಬಿ ಅವನಿಗೆ ಸುತರಾಂ ಅರ್ಥವಾಗುತ್ತಿರಲಿಲ್ಲ.

ಅವಳಿಗೆ ಅರ್ಥವಾಗುತ್ತಿತ್ತು! ಕಾಲೇಜಿನ ಲ್ಯಾಪ್‌ಟಾಪ್ ತಂದು ಇಸಿಯುಗೆ ಲೆಕ್ಕ ತುಂಬತೊಡಗಿದಳು. ವರ್ಷವಿಡೀ ಪ್ರತಿ ಭಾನುವಾರ ಅವನ ಕೈಗೆ ಗ್ರೀಸು, ಅವಳ ಕೈಗೆ ವೈರು. ನಡುವೆ ಪ್ರೀತಿ ಹುಟ್ಟಿದ್ದು ಇಬ್ಬರಿಗೂ ಗೊತ್ತಿತ್ತು. ಹೇಳುವ ಧೈರ್ಯ ಮಾತ್ರ ಇಬ್ಬರಿಗೂ ಇರಲಿಲ್ಲ.

ಅಷ್ಟರಲ್ಲಿ ಅಶ್ವತ್ಥರಿಗೆ ತುಮಕೂರಿಗೆ ವರ್ಗವಾಯಿತು. ಮಗಳೂ ಕೆಲಸ ಬಿಟ್ಟು ಹೊರಡಲೇಬೇಕೆಂದು ಹಟ ಹಿಡಿದರು.

"ಹೊರಡೋ ದಿನ ವಿಜಯವಾಡದ ನಿಮ್ಮ ಮನಿಗೆ ಮಧ್ಯಾಹ್ನ ಊಟಕ್ಕ ಬರ್ತೀನ್ರೀ," ಎಂದ ಜಯದೇವ, ನೆಲ ನೋಡುತ್ತ. "ನಿಮ್ಮ ಅಪ್ಪಾರ ಕೂಡ ಮಾತಾಡೋದೈತಿ."

ಆ ರಾತ್ರಿ ಅವಳಿಗೆ ನಿದ್ದೆ ಬಂದಿದ್ದರೆ ಕೇಳಿ!

ಆದರೆ ಮರುದಿನವೇ ಜಗಳ. ಟರ್ಬೊ ತುಂಬುವ ಗಾಳಿಯ ಒತ್ತಡ, ಅಂದರೆ ಬೂಸ್ಟ್, ಮಿತಿ ಮೀರದಂತೆ ಕಾಯಲು ಒಂದು ಕಂಟ್ರೋಲರ್ ಬೇಕಿತ್ತು. ಗೆಳೆಯನೊಬ್ಬ ಎರಡು ಬಗೆಯದು ತಂದುಕೊಟ್ಟಿದ್ದ. ಒಂದು, ಕೈಯಲ್ಲಿ ತಿರುಗಿಸಿ ಬಿಗಿಯುವ ಹಿತ್ತಾಳೆ ವಾಲ್ವ್. ಇನ್ನೊಂದು, ಇಸಿಯು ಮಾತು ಕೇಳುವ ಎಲೆಕ್ಟ್ರಾನಿಕ್ ವಾಲ್ವ್.

"ಎಲೆಕ್ಟ್ರಾನಿಕ್ಕೇ ಇರಲಿ," ಎಂದಳು ಗೌರಿ. "ನಿಮ್ಮ ಹಿತ್ತಾಳೆದು ವೈಜಾಗಿನ ಕಡಲಗಾಳಿಗೆ ಸರಿ. ಅದೇ ಬಿಗಿಯಲ್ಲಿ ವಿಜಯವಾಡದ ಮೇ ಬಿಸಿಲಿಗೆ ಹೋದ್ರೆ ಎಂಜಿನ್ ಉಳಿಯಲ್ಲ. ಇದಾದ್ರೆ ಗಾಳಿ ಕಾದಷ್ಟೂ ಇಸಿಯು ತಾನೇ ಬೂಸ್ಟ್ ಇಳಿಸುತ್ತೆ."

"ಹಡಗಿನ್ಯಾಗ ಪ್ರೆಷರ್ ಯಾವತ್ತೂ ಮನುಷ್ಯಾನ ಕೈಯಾಗ ಇರಬೇಕ್ರೀ. ನನ್ನ ಗಾಡಿ ಜುಟ್ಟು ನಾನು ಇನ್ನೊಬ್ಬರ ಕೈಗೆ ಕೊಡಂಗಿಲ್ಲ!"

*ಇನ್ನೊಬ್ಬರು... ಅಂದರೆ ನಾನು!*

ಅವಳು ಲ್ಯಾಪ್‌ಟಾಪ್ ಮುಚ್ಚಿ ಎದ್ದಳು. ಅವನು ತಡೆಯಲಿಲ್ಲ. ಇಬ್ಬರಿಗೂ ಬುದ್ಧಿ ಇತ್ತು, ಉಪಯೋಗಿಸಲಿಲ್ಲ ಅಷ್ಟೆ.

ಹೊರಡುವ ದಿನ ಬಂತು. ಗೌರಿ ಕೆಲಸ ಬಿಟ್ಟು ವಿಜಯವಾಡಕ್ಕೆ ಬಂದಿದ್ದಳು. ಪಟಮಟದ ಮನೆ ಖಾಲಿಯಾಗಿತ್ತು. ಸಾಮಾನು ಲಾರಿಯಲ್ಲಿ ಹೋಗಿಯಾಗಿತ್ತು, ಸಂಜೆ ರೈಲು. ಊಟದ ಹೊತ್ತು ಮೀರಿತು. ಅವನಿಗೆಂದು ಹಾಕಿದ ಮೂರನೆಯ ಎಲೆ ಬಾಡಿತು. ಅವನು ಬರಲಿಲ್ಲ.

"ಬರೋನಾಗಿದ್ರೆ ಇಷ್ಟೊತ್ತಿಗೆ ಬರ್ತಿದ್ದ, ಮಗೂ," ಎಂದರು ಅಶ್ವತ್ಥ. ತಾಯಿಯಿಲ್ಲದ ಮಗಳ ಮುಖ ನೋಡಲು ಅವರಿಗೂ ಆಗುತ್ತಿರಲಿಲ್ಲ.

*ಕೋಪವಿರಬಹುದು... ಆದರೆ ಮಾತು ಕೊಟ್ಟು ತಪ್ಪುವವರೇ ಅವರು?*

ಅವಳು ಎಸ್‌ಟಿಡಿ ಬೂತಿಗೆ ಓಡಿದಳು. ಗ್ಯಾರೇಜಿನ ಪಕ್ಕದ ಅಂಗಡಿಯ ಕಾಮೇಶ್ವರ ಫೋನೆತ್ತಿದ. ಜಯದೇವ ಬೆಳಿಗ್ಗೆ ಬೆಳಕು ಹರಿಯುವ ಮೊದಲೇ ಕಾರಿನಲ್ಲಿ ಹೊರಟುಹೋದನಂತೆ!

ಅವಳು ರಿಸೀವರ್ ಇಟ್ಟು ಬೂತಿನಿಂದ ಇಳಿದಳು. ಹೊರಗೆ ಡಾಂಬರು ಮೆತ್ತಗಾಗುವಂಥ ಬಿಸಿಲು. ಆ ಹಿತ್ತಾಳೆ ವಾಲ್ವು, ಈ ಕಾದ ಗಾಳಿ... ಎಂಜಿನ್ ಒಡೆದಿದ್ದರೆ? ಓಡುವ ಕಾರಿಗೆ ಬೆಂಕಿ ಹತ್ತಿದ್ದರೆ?

*ದೇವರೇ, ಕಾರು ಹೋದರೆ ಹೋಗಲಿ... ಅವರೊಬ್ಬರನ್ನು ಉಳಿಸಪ್ಪಾ!*

ಮನೆಗೆ ಓಡಿಬಂದಳು. "ಅಪ್ಪಾಜಿ, ನೀವು ಸ್ಟೇಷನ್‌ಗೆ ಹೋಗಿರಿ. ನಾನು ಅವರನ್ನ ಹುಡುಕಬೇಕು."

"ಹುಚ್ಚೀ! ಎಲ್ಲಿ ಅಂತ ಹುಡುಕ್ತೀಯಾ?"

"ಅವರು ಬರೋ ದಾರೀಲಿ!"

ಏಲೂರಿನ ಬಸ್ಸು ಹತ್ತಿದಳು. ಕಿಟಕಿಯ ಕಾದ ಸರಳು ಕೈ ಸುಟ್ಟರೂ ಬಿಡಲಿಲ್ಲ. ಎದುರು ಬರುವ ಪ್ರತಿ ಕಾರನ್ನೂ ಇಣುಕಿದಳು. ಗನ್ನವರಂ ದಾಟಿತು... ಇಲ್ಲ. ರಸ್ತೆ ಬದಿ ಒಂದು ಸುಟ್ಟ ಟೈರು ಕಂಡು ಸೀಟಿನಿಂದ ಎದ್ದೇಬಿಟ್ಟಳು. ಅದು ಯಾವುದೋ ಲಾರಿಯದು.

ಹನುಮಾನ್ ಜಂಕ್ಷನ್ ಸಮೀಪ, ಬೇವಿನ ಮರದ ಕೆಳಗೆ, ಬಾನೆಟ್ ತೆರೆದ ಪುಟ್ಟ ಕಾರು!

"ಆಪಂಡಿ! ಬಸ್ ಆಪಂಡಿ!"

ಜಯದೇವ ರೇಡಿಯೇಟರಿಗೆ ನೀರು ಹಾಕುತ್ತಿದ್ದ. ತಲೆ ಎತ್ತಿದ. ಅವಳು ಓಡಿಬಂದು ಅವನ ಎರಡೂ ಕೈ ಹಿಡಿದು, ತಿರುವಿ ಮುರುವಿ ನೋಡಿ, ಗಾಯವಿಲ್ಲವೆಂದು ಖಾತ್ರಿಯಾದ ಮೇಲೆ ಅಳತೊಡಗಿದಳು.

"ಎಂಜಿನ್... ಒಡೀತಾ?"

"ಇಲ್ರೀ. ಕಲ್ಲಿನಂಗ ಐತಿ."

ಅವಳು ಬಾನೆಟ್ಟಿನೊಳಗೆ ಬಗ್ಗಿದಳು. ಹಿತ್ತಾಳೆ ವಾಲ್ವ್ ಇರಲಿಲ್ಲ. ಅಲ್ಲಿದ್ದದ್ದು ಎಲೆಕ್ಟ್ರಾನಿಕ್ಕು!

"ನಿನ್ನೆ ಹಾಕೀನಿ," ಎಂದ ಜಯದೇವ, ತಪ್ಪು ಮಾಡಿ ಸಿಕ್ಕಿಬಿದ್ದವನಂತೆ. "ಜುಟ್ಟು ನಿಮ್ಮ ಕೈಯಾಗ ಕೊಡೋಣ ಅಂತ... ಆದ್ರ ಇಸಿಯುಗೆ ಅದರ ಲೆಕ್ಕ ತುಂಬೋದು ನಂಗೆಲ್ಲಿ ಗೊತ್ತು? ಬೂಸ್ಟ್ ಏರಲೇ ಇಲ್ಲ. ಬೆಳಿಗ್ಗಿಂದ ತೆವಳಕೋತ, ಅಲ್ಲಲ್ಲಿ ನಿಲ್ಸಿ ತಣ್ಣಗ ಮಾಡಕೋತ ಬಂದೀನಿ. ಎತ್ತಿನ ಗಾಡಿ ಒಂದು ಬಿಟ್ಟು ಎಲ್ಲಾ ನನ್ನ ಹಿಂದ ಹಾಕ್ಯಾವ. ನೀವಿಲ್ಲದ ಇದು ಏರಂಗಿಲ್ರೀ ಗೌರಿ... ನಂದೂ ಹಂಗ ಆಗೇತಿ."

ಅಳುವಿನ ನಡುವೆಯೇ ಅವಳಿಗೆ ನಗು ಬಂತು.

"ಲ್ಯಾಪ್‌ಟಾಪ್ ಕಾಲೇಜಿಗೆ ಕೊಟ್ಟುಬಿಟ್ಟೆ. ಈಗ ಏನೂ ಮಾಡೋಕಾಗಲ್ಲ..."

"ಟ್ರೈನ್ ಯಾವಾಗ?"

"ಇನ್ನು ಮುಕ್ಕಾಲು ಗಂಟೆ ಅಷ್ಟೆ."

ಅವನು ಡಿಕ್ಕಿಯಿಂದ ಹಿತ್ತಾಳೆ ವಾಲ್ವ್ ತೆಗೆದ. "ಇದನ್ನ ಹಾಕ್ತೀನಿ. ಗಾಡಿ ಹಾರತೈತಿ. ನಿಮ್ಮ ಅಪ್ಪಾರನ್ನ ಹಿಡೀತೀವಿ. ಆಮ್ಯಾಲೆ ಎಂಜಿನ್ ಹೋದ್ರ ಹೋಗ್ಲಿ!"

ಎಷ್ಟು ವರ್ಷಗಳ ಕೆಲಸ ಅದು! ಒಂದು ಬೋಲ್ಟಿಗೆ ಗೀರು ಬಿದ್ದರೂ ಊಟ ಬಿಡುತ್ತಿದ್ದವನು... ಅವಳು ಅವನ ಕೈಯಿಂದ ವಾಲ್ವ್ ಕಿತ್ತುಕೊಂಡು ಡಿಕ್ಕಿಗೆ ಹಾಕಿ ದಬಾರನೆ ಮುಚ್ಚಿದಳು.

"ಬೇಡ. ಹೀಗೇ ನಿಧಾನಕ್ಕೆ ಹೋಗೋಣ."

"ಟ್ರೈನ್ ತಪ್ಪತೈತಿ!"

"ತಪ್ಪಲಿ. ನನ್ನ ಬಿಟ್ಟು ಅಪ್ಪಾಜಿ ಹತ್ತಲ್ಲ. ಪ್ಲಾಟ್‌ಫಾರ್ಮಲ್ಲಿ ಹೋಲ್ಡಾಲ್ ಮೇಲೆ ಕೂತು ಬೈತಾ ಇರ್ತಾರೆ. ಅಲ್ಲೇ ಕೇಳಿ."

"ಅಷ್ಟು ಮಂದಿ ಮುಂದ? ಅವ್ರು ಒಲ್ಲೆ ಅಂದ್ರ?"

"ಅವರನ್ನ ಒಪ್ಪಿಸೋಣ. ನಾನಂತೂ ಯಾವತ್ತೋ ಹೂಂ ಅಂದಾಯ್ತು."

"ನಂಗ ಹೇಳಲೇ ಇಲ್ಲಲ್ರೀ!"

"ಈಗ ಹೇಳಿದೆನಲ್ಲ..." ಅವಳು ಬಾಗಿಲು ತೆರೆದು ಅವನ ಪಕ್ಕ ಕೂತಳು. "ಗಾಡಿ ಬಿಡಿ."