ಚಾಲಕನ ಕಡೆಯ ಸೀಟು

ಗುರುವಾರ ಮಧ್ಯಾಹ್ನ 2 ಗಂಟೆ 40 ನಿಮಿಷಕ್ಕೆ ಠಾಣೆಗೆ ಬಂದ ದೂರಿನಲ್ಲಿ ಕಳುವಾದ ಮಾಲು ಒಂದೇ ಒಂದು: ಕಾರಿನ ಸೀಟು. ದಫೇದಾರರು ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಕಾರು ಕಳುವಾದದ್ದು ಕಂಡಿದ್ದರು, ಚಕ್ರ, ಬ್ಯಾಟರಿ, ಒಂದು ಸಲ ಬರೀ ಹಾರನ್ ಕಳುವಾದದ್ದನ್ನೂ ಕಂಡಿದ್ದರು. ಮೈತುಂಬ ಬೆಲೆಬಾಳುವ ಸಾಮಾನು ಹೊತ್ತು ನಿಂತ ಸ್ಪೋರ್ಟ್ಸ್ ಕಾರಿಗೆ ಕೈಹಾಕಿ, ಎಲ್ಲ ಬಿಟ್ಟು ಡ್ರೈವರ್ ಸೀಟೊಂದನ್ನೇ ಹೊತ್ತೊಯ್ದ ಕಳ್ಳ ಮಾತ್ರ ಅವರಿಗೆ ಹೊಸಬ.

"ಮನೇಲಿ ಕೂರೋಕೆ ಕುರ್ಚಿ ಇರ್ಲಿಲ್ವೇನೋ ಪಾಪ," ಎಂದರು.

ದೂರುದಾರ ನಗಲಿಲ್ಲ. ಅವನು ಕನ್ನಡಕದಂಗಡಿಯ ಮಾಲೀಕ. ನಲವತ್ತೈದರ ಆಸುಪಾಸು, ಒಳ್ಳೆ ಹೊಟ್ಟೆ, ಬೆರಳ ಸಂದಿಯಲ್ಲಿ ಎಷ್ಟು ತೊಳೆದರೂ ಹೋಗದ ಗ್ರೀಸು. ಇನ್‌ಸ್ಪೆಕ್ಟರ್ ಮೇಡಂ ಎದುರಿನ ಕುರ್ಚಿ ತೋರಿಸಿದರು.

"ಕಾರು ನಿಮ್ಮದೇನಾ?"

"ಒಂದೂವರೆ ತಿಂಗಳಿಂದ ನಂದು ಮೇಡಂ. ಮೊದಲಿನವರು ಇಂಜಿನ್ ಬಿಚ್ಚಿ, ಟರ್ಬೊ ಕೂರಿಸಿ, ಮುಕ್ಕಾಲು ಕೆಲಸ ಮುಗ್ಸಿ ಬಿಟ್ಟಿದ್ರು. ಮಿಕ್ಕಿದ್ದು ನಾನು ಮಾಡ್ಕೊಳ್ಳೋಣ ಅಂತ ತಗೊಂಡೆ."

"ಅವರು ಬಿಟ್ಟದ್ದು ಯಾಕೆ?"

"ಗೊತ್ತಿಲ್ಲ. ಕಾಗದಪತ್ರ ಹೆಂಡತಿ ಹೆಸರಲ್ಲಿತ್ತು, ಆಯಮ್ಮನೇ ಮಾರಿದ್ದು. 'ಅವರಿಗೆ ಇನ್ನು ಬೇಡ' ಅಂದ್ರು. ಗಂಡ ಹೆಂಡತಿ ಜಗಳ ಇರಬೇಕು, ನಾನ್ಯಾಕೆ ಮಧ್ಯೆ ಬಾಯಿ ಹಾಕ್ಲಿ ಅಂತ ಸುಮ್ನಾದೆ."

"ಶೆಡ್ಡಿನೊಳಗೆ ಯಾರ್‍ಯಾರು ಬಂದಿದ್ದಾರೆ?"

"ಮೂರೇ ಜನ. ಕಾರು ಒಪ್ಪಿಸೋಕೆ ಆಯಮ್ಮ. ಇಂಜಿನ್ ನೋಡೋ ಮೆಕ್ಯಾನಿಕ್ಕು, ಅವನು ಒಂದು ವಾರದಿಂದ ಊರಲ್ಲಿಲ್ಲ. ಮತ್ತೆ ಸೀಟು ಮೇಸ್ತ್ರಿ, ಹಳೇ ಬಸ್ ಡಿಪೋ ಎದುರಿಗಿದಾರಲ್ಲ, ಅವರು. ಆ ಸೀಟು ನಂಗೆ ಬಿಗಿ ಮೇಡಂ. ಬೇರೆಯವರ ಮೈಗೆ ಅಂತ ಮಾಡಿಸಿದ್ದು, ನನ್ನ ಗಾತ್ರಕ್ಕೆ ಎಲ್ಲಿ ಒಗ್ಗಬೇಕು? ಮೇಸ್ತ್ರಿ ಸೋಮವಾರ ಬಂದು ನೋಡಿ, ಶನಿವಾರ ಒಳಗಡೆ ಕೆತ್ತಿ ಅಗಲ ಮಾಡಿಕೊಡ್ತೀನಿ ಅಂದಿದ್ರು. ಭಾನುವಾರ ಮೊದಲ್ನೇ ಸಲ ಓಡಿಸೋನಿದ್ದೆ."

3 ಗಂಟೆ 15 ನಿಮಿಷಕ್ಕೆ ಎಫ್‌ಐಆರ್ ದಾಖಲಾಯಿತು. 4 ಗಂಟೆ 10ಕ್ಕೆ ಇನ್‌ಸ್ಪೆಕ್ಟರ್, ದಫೇದಾರರು ಮತ್ತು ಇಬ್ಬರು ಪಂಚರು ಸ್ಥಳದಲ್ಲಿದ್ದರು.

ಅಂಗಡಿಯ ಹಿಂದಿನ ಓಣಿಯಲ್ಲಿ ತಗಡಿನ ಶೆಡ್ಡು. ಬೀಗ ಹಾಗೇ ಇತ್ತು. ಬಾಗಿಲ ತಿರುಗಣಿಯ ಸ್ಕ್ರೂಗಳನ್ನು ಬಿಚ್ಚಿ ಒಳಗೆ ಹೋಗಿ, ಬರುವಾಗ ಮತ್ತೆ ಹಾಕಿ ಬಿಗಿಮಾಡಿದ್ದರು. ಒಳಗೆ ಬೂದು ಬಣ್ಣದ ಎರಡು ಬಾಗಿಲಿನ ಕಾರು ಬಾನೆಟ್ ತೆರೆದುಕೊಂಡು ನಿಂತಿತ್ತು. ಬಂದ ಕೆಲಸ ಮರೆತವನಂತೆ ಕನ್ನಡಕದವನು ಇಂಜಿನ್ನಿನ ಮೇಲೆ ಬಗ್ಗಿದ.

"ನೋಡಿ ಮೇಡಂ, ಒಂದೊಂದು ವೈರಿಗೂ ಚೀಟಿ ಕಟ್ಟಿದಾರೆ. ಒಂದೊಂದು ಬೋಲ್ಟ್ ಬಿಗಿ ಮಾಡಿದ ಮೇಲೂ ಹಳದಿ ಗೆರೆ. ಇಲ್ಲಿ ನೋಡಿ, 'ಇದನ್ನು ಮುಟ್ಟಿದರೆ ಜೋಕೆ' ಅಂತ ಬರೆದಿದಾರೆ. ತನಗೇ ಬರ್ಕೊಂಡಿರೋದು! ಆ ಮನುಷ್ಯನ ಮುಖ ನೋಡಿಲ್ಲ ನಾನು, ಆದ್ರೂ ದಿನಾ ಅವರ ಜೊತೆ ಮಾತಾಡ್ಕೊಂಡೇ ಕೆಲಸ ಮಾಡೋದು. ಒಂದ್ಸಲ ಸಿಕ್ಕಿದ್ರೆ ಕೇಳೋದು ರಾಶಿ ಇದೆ."

ಚಾಲಕನ ಸೀಟಿದ್ದ ಜಾಗ ಖಾಲಿ. ಪಕ್ಕದ ನೆಲದ ಮೇಲೆ ಕಪ್ಪು ರೆಕ್ಸಿನ್ ತುಂಡೊಂದು ಹಾಸಿತ್ತು. ಅದರ ಮೇಲೆ ಸೀಟಿನ ನಾಲ್ಕು ಬೋಲ್ಟುಗಳು, ಒಂದೊಂದರ ಪಕ್ಕ ಅದರದರ ವಾಷರ್. ಇನ್‌ಸ್ಪೆಕ್ಟರ್ ಮಂಡಿಯೂರಿ ನೋಡಿದರು.

"ಕದಿಯೋಕೆ ಬಂದೋನು ಬೋಲ್ಟ್ ಜೋಡಿಸಿಟ್ಟು ಹೋಗ್ತಾನಾ ದಫೇದಾರ್ರೇ?"

"ವಾಪಸ್ ಹಾಕೋನಾದ್ರೆ ಜೋಡಿಸ್ತಾನೆ ಮೇಡಂ," ಎಂದ ದಫೇದಾರರು, ತಮಾಷೆಗೆ ಆಡಿದ ಮಾತು ತಮಾಷೆಯಾಗಿ ಕೇಳಲಿಲ್ಲವೆಂದು ಪಂಚನಾಮೆ ಬರೆಯುವುದಕ್ಕೆ ಕೂತರು.

ರೆಕ್ಸಿನ್ ಕಂಡ ಮೇಲೆ ಮೇಸ್ತ್ರಿಯ ಅಂಗಡಿಗೇ ನೇರ ಹೋಗಬಹುದಿತ್ತು. ಆದರೆ ಹಳೆಯ ಸೀಟನ್ನು ಕದ್ದು ಸೀಟು ಮೇಸ್ತ್ರಿ ಮಾಡುವುದೇನು ಎಂಬುದು ಇನ್‌ಸ್ಪೆಕ್ಟರ್‌ಗೆ ಬಗೆಹರಿಯಲಿಲ್ಲ. ಮೊದಲು ಮಾರಿದವಳನ್ನು ನೋಡೋಣ ಎಂದರು.

ಶುಕ್ರವಾರ ಬೆಳಿಗ್ಗೆ 9 ಗಂಟೆ 30. ಗಾಜಿನ ಬಾಟಲಿ ಕಾರ್ಖಾನೆ. ಕಾರು ಮಾರಿದಾಕೆಯ ಕೆಲಸ ದೀಪದ ಎದುರು ಹಾದುಹೋಗುವ ಬಾಟಲಿಗಳಲ್ಲಿ ಬಿರುಕು ಹುಡುಕುವುದು. ಮೇಲ್ವಿಚಾರಕ ಹತ್ತು ನಿಮಿಷ ಬಿಡುವು ಕೊಟ್ಟ. ಪ್ಯಾಕಿಂಗ್ ಕೋಣೆಯಲ್ಲಿ ರಟ್ಟಿನ ಪೆಟ್ಟಿಗೆಗಳ ಮೇಲೆ ಕೂತರು.

"ನಿಮ್ಮ ಯಜಮಾನರನ್ನ ನೋಡಬೇಕಿತ್ತು."

"ಅವರು ಹೋಗಿ ಐದು ತಿಂಗಳಾಯ್ತು."

"ಎಲ್ಲಿಗೆ?" ಎಂದ ದಫೇದಾರರು ಆಕೆಯ ಮುಖ ನೋಡಿ ನಾಲಿಗೆ ಕಚ್ಚಿಕೊಂಡರು.

"ಕಾರು ತಗೊಂಡವರಿಗೆ ಹೇಳಿಲ್ವಲ್ಲಮ್ಮ ನೀವು?" ಇನ್‌ಸ್ಪೆಕ್ಟರ್ ದನಿ ತಗ್ಗಿಸಿದರು.

"ಅಷ್ಟು ಖುಷಿಯಾಗಿದ್ರು ಆ ಮನುಷ್ಯ. ಹೇಗೆ ಹೇಳ್ಲಿ?"

"ಸೀಟಿನ ವಿಷಯ ಏನು?"

ಆಕೆ ಬಾಯಿ ತೆರೆದವಳು ನಿಲ್ಲಿಸಲಿಲ್ಲ. ಎರಡು ಡಬ್ಬದ ದ್ರವ ಬೆರೆಸಿದರೆ ಹಾಲು ಉಕ್ಕಿದ ಹಾಗೆ ಫೋಮ್ ಉಕ್ಕುತ್ತದೆ. ಅದನ್ನು ದಪ್ಪ ಪ್ಲಾಸ್ಟಿಕ್ ಚೀಲಕ್ಕೆ ಸುರಿದು, ಖಾಲಿ ಸೀಟಿನೊಳಗಿಟ್ಟು, ಮೇಲೆ ಮನುಷ್ಯನನ್ನು ಕೂರಿಸಬೇಕು. ಹತ್ತು ನಿಮಿಷದಲ್ಲಿ ಅದು ಅವನ ಬೆನ್ನು, ಭುಜ, ತೊಡೆಯ ಸುತ್ತ ಗಟ್ಟಿಯಾಗುತ್ತದೆ. ಅವನು ಎದ್ದ ಮೇಲೆ ಚೀಲ ಸುಲಿದರೆ, ಅವನ ಮೈ ಇದ್ದಷ್ಟು ಜಾಗ ಹಾಗೇ ಉಳಿದಿರುತ್ತದೆ.

"ಇವರಪ್ಪ, ನಮ್ಮ ಮಾವನೇ, ಅಂಗಡೀಲಿ ಮಾಡಿದ್ದು. ಇವರು ಕಚಗುಳಿ ಆಗುತ್ತೆ ಅಂತ ನಗೋರು. ಮಾವ, 'ಅಲ್ಲಾಡಬೇಡ್ವೋ ಕತ್ತೆ' ಅಂತ ಬೈಯೋರು. ಆಗ ಎಂಬತ್ತೆರಡು ಕೆ.ಜಿ. ಇದ್ರು. ಕೊನೇಲಿ ನಲವತ್ತೊಂದು. ಕಾಯಿಲೆ ಬಂದ ಮೇಲೂ ಒಂದ್ಸಲ ಆಸೆಪಟ್ಟು ಕೂತ್ರು. ದೊಡ್ಡವರ ಚಪ್ಪಲಿ ಹಾಕ್ಕೊಂಡ ಮಗು ತರ ಕಾಣ್ತಿದ್ರು. ಮತ್ತೆ ಕೂರ್ಲಿಲ್ಲ."

"ಮಾರೋವಾಗ ಸೀಟು ತೆಗೆದಿಟ್ಕೋಬೇಕು ಅನ್ನಿಸ್ಲಿಲ್ವಾ?"

"ಹೊಳೀಲೇ ಇಲ್ಲ ಮೇಡಂ! ದಿನಾ ಕಿಟಕಿ ತೆಗೆದ್ರೆ ಆ ಕಾರು ಕಾಣೋದು, ತೊಲಗ್ಲಿ ಅಂತ ಮಾರಿಬಿಟ್ಟೆ. ಸಂಜೆ ಮಾವ ಬಂದು ಕೇಳಿದ್ರು, 'ಸೀಟೂ ಹೋಯ್ತೇನಮ್ಮ?' ಅಂತ. ಆಗ ಹೊಳೀತು, ಏನು ಮಾರಿಬಿಟ್ಟೆ ಅಂತ. ಫೋಟೋಲಿ ಮುಖ ಇದೆ, ಇಲ್ಲ ಅನ್ನಲ್ಲ. ಆದ್ರೆ ತಬ್ಕೊಂಡ್ರೆ ಕೈಗೆ ಎಷ್ಟು ಸಿಗೋರೋ ಅಷ್ಟು ಇದ್ದದ್ದು ಅದೊಂದ್ರಲ್ಲೇ."

"ನಿಮ್ಮ ಮಾವನ ಅಂಗಡಿ ಎಲ್ಲಿ?"

"ಹಳೇ ಬಸ್ ಡಿಪೋ ಎದುರಿಗೆ."

ಇನ್‌ಸ್ಪೆಕ್ಟರ್ ಡೈರಿ ಮುಚ್ಚಿದರು. ಜೀಪಿನಲ್ಲಿ ದಫೇದಾರರು, "ಮಗನ ಬೆನ್ನನ್ನ ಕೆತ್ತೋಕೆ ಅಪ್ಪನನ್ನೇ ಕರೆದಿದ್ದಾನಲ್ಲ ಮೇಡಂ, ಆ ಕನ್ನಡಕದ ಪುಣ್ಯಾತ್ಮ," ಎಂದರು.

11 ಗಂಟೆ 20ಕ್ಕೆ ಮೇಸ್ತ್ರಿಯ ಅಂಗಡಿ ತಲುಪಿದರು. ಷಟರ್ ಅರ್ಧ ಇಳಿದಿತ್ತು. ಒಳಗೆ ಔಷಧಿಯಂಥ ಘಾಟು, ಗೋಡೆಗೆ ಆನಿಸಿದ ರೆಕ್ಸಿನ್ ಸುರುಳಿಗಳು, ದಪ್ಪ ಸೂಜಿಯ ಹೊಲಿಗೆ ಯಂತ್ರ. ಎಪ್ಪತ್ತು ದಾಟಿದ ಮೇಸ್ತ್ರಿ ನೆಲದ ಮೇಲೆ ಕೂತಿದ್ದರು, ಕೈಯಲ್ಲಿ ಉದ್ದನೆಯ ಚಾಕು. ದಫೇದಾರರು ಚಾಕು ಕೇಳಿದರು, ಮೇಸ್ತ್ರಿ ಹಿಡಿಕೆ ಮುಂದೆ ಮಾಡಿ ಕೊಟ್ಟರು. ಎದುರಿಗೆ ಸೀಟಿತ್ತು. ಅದರ ಗುಳಿಯಿದ್ದ ಜಾಗದಿಂದ ಹಳದಿ ಫೋಮ್ ಉಬ್ಬಿ, ಅಂಚು ಮೀರಿ ಹೊರಬಂದು ಗಟ್ಟಿಯಾಗಿತ್ತು.

"ಸೀಟು ತಂದೋರು ನೀವೇನಾ?"

"ನಾನೇ. ನಿನ್ನೆ ಹನ್ನೊಂದು ಗಂಟೆಗೆ. ಅವರು ಅಂಗಡೀಲಿರೋ ಹೊತ್ತು."

"ಹೇಗೆ ತಂದ್ರಿ?"

"ಕೈಗಾಡೀಲಿ. ಮೇಲೆ ರೆಕ್ಸಿನ್ ಹೊದಿಸ್ಕೊಂಡು."

"ಯಾಕೆ?"

"ಅಚ್ಚು ತೆಗೆಯೋಕೆ. ಒಂದು ದಿನಕ್ಕೆ ಅಷ್ಟೇ. ಆ ಗುಳಿ ತುಂಬ ಫೋಮ್ ಸುರಿದು ಮೇಲೆತ್ತಿದ್ರೆ ಅವನ ಬೆನ್ನು, ಭುಜ, ಹಾಗೇ ಎದ್ದು ಬರುತ್ತೆ. ಅದನ್ನ ನಾನಿಟ್ಕೊಂಡು ಸೀಟು ಇವತ್ತು ಬೆಳಿಗ್ಗೆ ಅಲ್ಲೇ ಕೂರಿಸೋನಿದ್ದೆ. ನಾಳೆ ಹೋಗಿ ಕೆತ್ತಿ ಕೊಡೋನು. ಮಾತು ಕೊಟ್ಟಿದ್ನಲ್ಲ."

"ಕಾರಿನವರನ್ನ ಒಂದು ಮಾತು ಕೇಳಬಹುದಿತ್ತು."

"ಸೋಮವಾರ ಕೇಳೋಕೆ ಅಂತ ಬಾಯಿ ತೆಗೆದೆ ತಾಯಿ. ಅವರು ಅದರಲ್ಲಿ ಕೂತ್ಕೊಂಡು, 'ಇದನ್ನ ಮಾಡಿಸ್ಕೊಂಡೋನು ಪುಣ್ಯವಂತ ಮೇಸ್ತ್ರಿ, ಎಂಥ ಮೈಕಟ್ಟು!' ಅಂದ್ರು. ಟೇಪು ಹಿಡ್ಕೊಂಡು ಅವರ ಅಳತೆ ತಗೊಂಡೆ. ಸರಿ ಸ್ವಾಮಿ, ಶನಿವಾರ ಬರ್ತೀನಿ ಅಂದು ಬಂದುಬಿಟ್ಟೆ."

"ಅಚ್ಚು ಎಲ್ಲಿ?"

ಮೇಸ್ತ್ರಿ ಸೀಟಿನ ಮೇಲೆ ಉಬ್ಬಿದ್ದ ಫೋಮನ್ನು ಅಂಗೈಯಿಂದ ಸವರಿದರು.

"ಫೋಮಿಗೆ ಫೋಮ್ ಅಂಟ್ಕೊಳ್ಳುತ್ತೆ ತಾಯಿ. ಮಧ್ಯೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಬೇಕು. ನಲವತ್ತು ವರ್ಷದಿಂದ ಕೆಲಸ ಕಲಿಯೋಕೆ ಬಂದೋರಿಗೆಲ್ಲ ಬಡ್ಕೊಂಡಿದೀನಿ, ದಪ್ಪ ಹಾಳೆ ಹಾಸ್ರೋ ಅಂತ. ನಾನು ತೆಳೂದು ಹಾಸಿದೆ. ದಪ್ಪದ್ದು ಹಾಕಿದ್ರೆ ಎಡ ಭುಜದ ಮೂಳೆ ಸರಿಯಾಗಿ ಮೂಡ್ತಿರ್ಲಿಲ್ಲ. ಎಂಟು ವರ್ಷದೋನಿದ್ದಾಗ ಗೋಡೆಯಿಂದ ಬಿದ್ದು ಅವನಿಗೆ ಅಲ್ಲೊಂದು ಸಣ್ಣ ಗಂಟಿತ್ತು. ಅದೂ ಬರ್ಲಿ ಅಂತ ಆಸೆ. ಫೋಮ್ ಕಾದು ಹಾಳೆ ಕರಗಿಹೋಯ್ತು."

ಅವರು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡರು.

"ಬೆಳಗಿನಿಂದ ನೋಡ್ತಿದೀನಿ. ಹಳೇದು ಎಲ್ಲಿ ಮುಗಿಯುತ್ತೆ, ಹೊಸದು ಎಲ್ಲಿ ಶುರು ಅಂತಾನೇ ತಿಳೀತಿಲ್ಲ. ಎರಡೂ ಒಂದೇ ಬಣ್ಣ. ಎಲ್ಲಿ ಅಂತ ಚಾಕು ಹಾಕ್ಲಿ?"

ದಫೇದಾರರು ಗೋಡೆಯ ಕಡೆ ತಿರುಗಿ ರೆಕ್ಸಿನ್ ಸುರುಳಿಗಳನ್ನು ಎಣಿಸುತ್ತ ನಿಂತರು. ಅವರಿಗೂ ಬೆಳೆದ ಮಗನಿದ್ದಾನೆ.

12 ಗಂಟೆ 15ಕ್ಕೆ ಜಪ್ತಿ ಪಂಚನಾಮೆ ನಡೆಯಿತು. ಮಾಲು ಗುರುತಿಸಲು ಕನ್ನಡಕದವನನ್ನು ಕರೆಸಿದರು. ಷಟರ್ ಕೆಳಗೆ ಬಗ್ಗಿ ಒಳಗೆ ಬಂದವನು ಮೊದಲು ಸೀಟು ನೋಡಿ, "ಅಯ್ಯೋ, ಏನ್ ಮಾಡ್ಬಿಟ್ರಿ ಮೇಸ್ತ್ರಿ!" ಎಂದು ಕೂಗಿದ. ಇನ್‌ಸ್ಪೆಕ್ಟರ್ ಅವನನ್ನು ಹೊರಗೆ ಕರೆದೊಯ್ದು ನಾಲ್ಕು ಮಾತಿನಲ್ಲಿ ವಿಷಯ ತಿಳಿಸಿದರು. ಅವನು ಫುಟ್‌ಪಾತಿನ ಮೇಲೆ ಕುಸಿದು ಕೂತ. ಮುಖ ನೋಡದ ಗೆಳೆಯ ಸತ್ತ ಸುದ್ದಿ ಐದು ತಿಂಗಳು ತಡವಾಗಿ ತಲುಪಿತ್ತು, ಅವನು ಎಲ್ಲರೆದುರಿಗೇ ಬಿಕ್ಕಿ ಬಿಕ್ಕಿ ಅತ್ತ.

ಒಳಗೆ ಬಂದು ಮೇಸ್ತ್ರಿಯ ಎದುರು ಕುಕ್ಕರಗಾಲಲ್ಲಿ ಕೂತ.

"ಕೇಳಿದ್ರೆ ಇಡೀ ಸೀಟೇ ಕೊಟ್ಬಿಡ್ತಿದ್ನಲ್ಲ ಯಜಮಾನ್ರೇ."

"ಕೊಡ್ತಿದ್ರಿ," ಎಂದರು ಮೇಸ್ತ್ರಿ. "ನಿಮ್ಮ ಮುಖ ನೋಡಿದ್ರೇನೇ ಗೊತ್ತಾಗುತ್ತೆ. ನಂದೇ ತಪ್ಪು."

"ಮೇಡಂ, ದೂರು ಹರಿದು ಹಾಕಿ. ನಂಗೇನೂ ಕಳುವಾಗಿಲ್ಲ."

"ಎಫ್‌ಐಆರ್ ಆಗಿದೆ. ಹರಿಯೋಕೆ ಬರಲ್ಲ. ಏನಿದ್ರೂ ಕೋರ್ಟಲ್ಲಿ ಹೇಳಿ."

"ಹಾಗಾದ್ರೆ ಜಾಮೀನಿಗೆ ನಾನೇ ನಿಲ್ತೀನಿ."

"ದೂರು ಕೊಟ್ಟೋನೇ ಜಾಮೀನು ನಿಂತದ್ದನ್ನ ನಾನಂತೂ ಕಂಡಿಲ್ಲಪ್ಪ," ಎಂದರು ದಫೇದಾರರು. ಆದರೂ ಅವನ ವಿಳಾಸ ಬರೆದುಕೊಂಡರು.

1 ಗಂಟೆ 05 ನಿಮಿಷಕ್ಕೆ ಆರೋಪಿಯನ್ನು ದಸ್ತಗಿರಿ ಮಾಡಲಾಯಿತು. ಕೈಗೆ ಕೋಳ ಹಾಕಲಿಲ್ಲ. ಅಂಗಡಿಯ ದೀಪ ಆರಿಸಿ, ಯಂತ್ರಕ್ಕೆ ಬಟ್ಟೆ ಹೊದಿಸಿ ಬರುವಷ್ಟು ಹೊತ್ತು ಎಲ್ಲರೂ ಕಾದರು.

ಸೊಸೆ ಕಾರ್ಖಾನೆಯಿಂದ ನೇರ ಠಾಣೆಗೆ ಬಂದಾಗ 3 ಗಂಟೆ 30. ಸೀಟು ಇನ್ನೂ ಮಾಲು ಕೋಣೆಗೆ ಹೋಗಿರಲಿಲ್ಲ, ಬೆಂಚಿನ ಪಕ್ಕ ಮೊಹರು ಚೀಟಿಗೆ ಕಾಯುತ್ತಿತ್ತು. ಅವಳು ಮಾವನನ್ನು ಬೈಯಲಿಲ್ಲ. ಫೋಮಿನ ಗಟ್ಟಿ ಉಬ್ಬಿನ ಮೇಲೆ ಕೈಯಿಟ್ಟು, ಎಲ್ಲಿ ಒತ್ತಬೇಕೆಂದು ತಿಳಿಯದೆ ಅಲ್ಲಲ್ಲಿ ಒತ್ತಿ ನೋಡಿದಳು.

"ಎಲ್ಲಿದಾರೆ ಮಾವ ಇದ್ರಲ್ಲಿ?"

ಮೇಸ್ತ್ರಿ ಬೆಂಚಿನಿಂದ ಬಗ್ಗಿ, ಅವಳ ಬೆರಳು ಹಿಡಿದು ಮೆಲ್ಲಗೆ ಸರಿಸಿದರು. "ಇಲ್ಲಿ ಭುಜ. ಇಲ್ಲಿಂದ ಕೆಳಗೆ ಬೆನ್ನು. ಒಳಗಿದಾನೆ ಕಣಮ್ಮ. ತೆಗೆಯೋಕೆ ನನ್ನ ಕೈಲಿ ಆಗ್ತಿಲ್ಲ."

ಅವಳು ಅಲ್ಲೇ ನೆಲದ ಮೇಲೆ ಕೂತು ಸೀಟಿಗೆ ಹಣೆ ಆನಿಸಿದಳು. ಮೊಹರು ಹಾಕಬೇಕಿದ್ದ ಪೇದೆ ಅರಗು ಹಿಡಿದು ಬಂದವನು, ಇನ್‌ಸ್ಪೆಕ್ಟರ್ ಕಣ್ಸನ್ನೆ ಮಾಡಲು ಹಿಂದಕ್ಕೆ ಹೋದ.

ಆ ಸಂಜೆ 5 ಗಂಟೆ 40ಕ್ಕೆ ಇನ್‌ಸ್ಪೆಕ್ಟರ್ ಪ್ರಕರಣದ ದಿನಚರಿಯ ಕೊನೆಯ ಪುಟ ಬರೆದರು. ಎರಡು ಸಲ ಬರೆದು ಹೊಡೆದುಹಾಕಿ ಮೂರನೆಯ ಸಲ ಬರೆದದ್ದು ಇಷ್ಟು: "ಆರೋಪಿಯು ತನ್ನ ಮೃತ ಮಗನು ಆರೋಗ್ಯವಾಗಿದ್ದಾಗಿನ ಮೈಯಳತೆಯ ನಕಲು ಪಡೆಯುವ ಆಸೆಯಿಂದ ಈ ಕೃತ್ಯ ಎಸಗಿರುತ್ತಾನೆ. ಸೀಟನ್ನು ಮರುದಿನ ಹಿಂದಿರುಗಿಸುವ ಉದ್ದೇಶ ಇತ್ತೆಂಬುದು ತನಿಖೆಯಿಂದ ಕಂಡುಬಂದಿದೆ. ಕೃತ್ಯದಿಂದ ಆರೋಪಿಗೆ ಯಾವ ಲಾಭವೂ ಆಗಿರುವುದಿಲ್ಲ."