ತೊಟ್ಟು ತೆಗೆಯದ ಮೈಸೂರು

"ಚೆನ್ನಾಗಿದೀಯಾ, ಲಹರಿ?"

ಮೂರು ವರ್ಷಗಳ ಮೇಲೆ ಕೇಳಿದ ದನಿ. ಲಹರಿ ಲೋಟ ಒರೆಸುವುದನ್ನು ನಿಲ್ಲಿಸಲಿಲ್ಲ. ಒರೆಸಿ, ಬೆಳಕಿಗೆ ಹಿಡಿದು, ಆ ಗಾಜಿನ ಮೂಲಕವೇ ವಾಗೀಶನನ್ನು ನೋಡಿದಳು. ಅವನ ಮೂಗು ಸೊಟ್ಟಗೆ, ಕಿವಿ ಮೊರದಷ್ಟು ಅಗಲವಾಗಿ ಕಾಣಿಸಿದವು. ಅವಳಿಗೆ ಸ್ವಲ್ಪ ಸಮಾಧಾನವಾಯಿತು.

"ಚೆನ್ನಾಗಿದೀನಿ ಸಾರ್. ತಾವು?"

"ಸಾರ್ ಯಾಕೆ?"

"ಮೆನು ಕಾರ್ಡ್ ಮೇಲೆ ಫೋಟೊ ಇರೋವ್ರನ್ನ ಇನ್ನೇನಂತ ಕರೀಲಿ?"

ಅವನು ನಗಲು ಹೋಗಿ ಸುಮ್ಮನಾದ. ನಗು ತಡೆದಾಗ ಎಡಗೆನ್ನೆಯಲ್ಲಿ ಬೀಳುವ ಗುಳಿ ಮಾತ್ರ ಹಾಗೆಯೇ ಇತ್ತು. ಅದನ್ನು ಗಮನಿಸಿದ್ದಕ್ಕೆ ಲಹರಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಮೈಸೂರಿನ ವಿಜಯನಗರದಲ್ಲಿ ಲಹರಿ ಈಗ ಕೆಲಸ ಮಾಡುವ ಆ ಹೊಸ ರೆಸ್ಟೊರೆಂಟಿನಲ್ಲಿ ಅಂದು, ಭಾನುವಾರ ಮಧ್ಯಾಹ್ನ, ಹೊಸ ಕಾಕ್‌ಟೇಲ್ ಮೆನು ಹೊರಬರುವುದಿತ್ತು. ಹೆಸರು 'ಐದು ಊರು, ಐದು ಲೋಟ'. ಮಂಗಳೂರಿಗೆ ಪುನರ್ಪುಳಿ ಮತ್ತು ಹಸಿಮೆಣಸು, ಏಕೆಂದರೆ ಅದು ನೇರ ಮಾತಿನ ಊರು. ಧಾರವಾಡಕ್ಕೆ ಕಾದು ಕೆಂಪಾದ ಹಾಲು. ಒಮ್ಮೆ ಹರಟೆಗೆ ಕೂತರೆ ಏಳಲು ಬಿಡದ ಊರು. ಕಲಬುರಗಿಗೆ ಹುಣಸೆ, ಮಡಿಕೇರಿಗೆ ಕಾಫಿ ಮತ್ತು ಜೇನು. ಕೊನೆಗೆ ಮೈಸೂರು: ಚಿಗುರು ವೀಳ್ಯದೆಲೆ ನೆನೆಸಿದ ಜಿನ್, ರಸಬಾಳೆಯ ಪಾಕ, ಮೇಲೊಂದು ಮಲ್ಲಿಗೆ. ಕಾರ್ಡಿನ ಕೆಳಗೆ ಒಂದೇ ಹೆಸರು. ವಾಗೀಶ.

ಮೂರು ವರ್ಷದ ಹಿಂದೆ ಇಬ್ಬರೂ ಒಂದೇ ಹೋಟೆಲಿನ ಬಾರ್ ಕೌಂಟರಿನಲ್ಲಿದ್ದರು. ಕೆಲಸ ಮುಗಿದ ಮೇಲೆ ಅವನು ತನ್ನ ಸ್ಕೂಟರಿನಲ್ಲಿ ಅವಳನ್ನು ಕುವೆಂಪುನಗರದ ಮನೆಗೆ ಬಿಡುತ್ತಿದ್ದ. ಯಾವ ಊರಿನ ಸ್ವಭಾವ ಏನು ಎಂದು ದಾರಿಯುದ್ದಕ್ಕೂ ಜಗಳ. ಆ ಜಗಳದಲ್ಲೇ ಹುಟ್ಟಿದ ಐದು ಲೋಟಗಳಲ್ಲಿ ನಾಲ್ಕು ಊರು ಇಬ್ಬರದೂ. ಮೈಸೂರು ಮಾತ್ರ ಪೂರ್ತಿ ಅವಳದು. ಅವಳು ಅಜ್ಜಿಯ ಕಣ್ಣಿನ ಆಪರೇಷನ್ನಿಗೆಂದು ರಜೆ ಹಾಕಿದ್ದ ದಿನ ಪತ್ರಿಕೆಯವರು ಬಂದರು. "ಎಲ್ಲಾ ನೀವೊಬ್ಬರೇ ಮಾಡಿದ್ದಾ?" ಎಂದು ಕೇಳಿದರು. ವಾಗೀಶ ಹೌದೆಂದು ತಲೆಯಾಡಿಸಿದ.

ಅವನು ತಲೆಯಾಡಿಸಿದ್ದನ್ನು ಅವಳು ಪತ್ರಿಕೆಯ ವಿಡಿಯೊದಲ್ಲಿ ನೋಡಿದಳು. ಅದೆಷ್ಟು ಸಲ ನೋಡಿದಳೋ. ಅವನ ಫೋನು ಎತ್ತಲಿಲ್ಲ. ಅವನಿಗೆ ಊರೂರು ತಿರುಗಿ ಮೆನು ಮಾಡಿಕೊಡುವ ದೊಡ್ಡ ಕೆಲಸ ಸಿಕ್ಕಿತು. ಈಗ ಅವಳದೇ ಮೈಸೂರನ್ನು ಅವಳ ಕೈಯಿಂದಲೇ ಮಾಡಿಸಿ, ತನ್ನ ಹೆಸರಿನಲ್ಲಿ ಹಂಚಲು ಬಂದಿದ್ದ.

ಹಂಚಲಿ, ಅಂದುಕೊಂಡಿದ್ದಳು ಲಹರಿ.

ಅಂದು ಬೆಳಗ್ಗೆ ಅಡುಗೆಮನೆಯಲ್ಲಿ ಸುಂದರಮ್ಮ ವೀಳ್ಯದೆಲೆ ಬಿಡಿಸುತ್ತಿದ್ದರು. ರಾಜೀವನಗರದಿಂದ ಎರಡು ಬಸ್ಸು ಬದಲಿಸಿ ಬರುವ ಹೆಂಗಸು. ತುದಿ ಚಿವುಟಿ, ತೊಟ್ಟು ಮುರಿದು, ಹಿಂಬದಿಯ ನಾರನ್ನು ಉಗುರಿನಲ್ಲಿ ಎಳೆದು ತೆಗೆಯುವುದು ಅವರಿಗೆ ಪೂಜೆಯಿದ್ದಂತೆ. "ತೊಟ್ಟಲ್ಲೇ ಕಣಮ್ಮ ಕಹಿ ಇರೋದು. ಅದ ತೆಗ್ದುಬುಟ್ರೆ ಎಲೆಯಂಥ ಸಾಧು ಇನ್ನೊಂದಿಲ್ಲ," ಎಂದು ಹೇಳುತ್ತಲೇ, ಲಹರಿಯ ಮುಖ ನೋಡಿ, ತಮ್ಮ ಡಬ್ಬಿಯಿಂದ ಅರ್ಧ ಅಕ್ಕಿರೊಟ್ಟಿ ಮುರಿದು ಮುಂದಿಟ್ಟರು. "ತಿನ್ನು. ಬೆಳಗ್ಗಿಂದ ಏನೂ ತಿಂದಂಗಿಲ್ಲ ನೀನು."

ರೊಟ್ಟಿ ತಿಂದಳು. ಸುಂದರಮ್ಮ ಆಚೆ ಹೋದ ಮೇಲೆ ಶುದ್ಧವಾದ ಎಲೆಗಳನ್ನು ಬುಟ್ಟಿಯಲ್ಲೇ ಮುಚ್ಚಿಟ್ಟು, ಎಸೆಯಲು ಗುಡ್ಡೆ ಹಾಕಿದ್ದ ತೊಟ್ಟು ನಾರುಗಳನ್ನು ಬಾಚಿ ಜಿನ್ನಿನ ಜಾಡಿಗೆ ಹಾಕಿದಳು. ಮೊದಲ ಗುಟುಕಿನಲ್ಲಿ ಬಾಳೆಯ ಸಿಹಿ ಕಹಿಯನ್ನು ಮುಚ್ಚುತ್ತದೆ. ನುಂಗಿದ ಮೇಲೆ ಅದು ಏಳುತ್ತದೆ, ಇಳಿಯುವುದಿಲ್ಲ. ಮೈಸೂರಿನವರು ಸೇಡನ್ನೂ ಮರ್ಯಾದೆಯಿಂದಲೇ ತೀರಿಸಿಕೊಳ್ಳುತ್ತಾರೆ.

ಒಂಬತ್ತು ಟೇಬಲ್ ತುಂಬಿದವು. ವಾಗೀಶ ಚೆನ್ನಾಗಿ ಮಾತಾಡಿದ. ನಾಲ್ಕು ಊರಿಗೂ ಚಪ್ಪಾಳೆ ಬಿತ್ತು. ಐದನೆಯ ಲೋಟ ಸೋಸಿ, ಲಹರಿ ಒಂದೊಂದರ ಮೇಲೂ ಮಲ್ಲಿಗೆ ಇಟ್ಟು ಕಳಿಸಿದಳು.

"ಆಹಾ," ಎಂದರು ಯಾರೋ. ಆಮೇಲೆ ಒಬ್ಬಾಕೆ ಕರವಸ್ತ್ರ ತೆಗೆದರು. ಒಬ್ಬರು ನೀರಿಗೆ ಕೈಮಾಡಿದರು. ಅವಳು ವಾಗೀಶನ ಮುಖವನ್ನೇ ನೋಡುತ್ತಿದ್ದಳು. ಅವನು ಗುಟುಕು ನುಂಗಿದ. ಕಣ್ಣು ಒಂದು ಕ್ಷಣ ಮುಚ್ಚಿತು. ಮತ್ತೆ ತೆರೆದಾಗ ನೇರ ಅವಳ ಮೇಲಿತ್ತು. ಅರ್ಥವಾಗಿತ್ತು ಅವನಿಗೆ.

ಮೂರು ವರ್ಷ ಕಾದ ಕ್ಷಣ. ಎಷ್ಟು ಸಿಹಿಯಾಗಿತ್ತು!

ಅಷ್ಟರಲ್ಲಿ ಮಾಲೀಕ ನಂಜುಂಡಸ್ವಾಮಿ ಎದ್ದು ನಿಂತರು. "ಎಲೆ ಬಿಡಿಸಿದ್ದು ಯಾರ್ರೀ? ಸುಂದರಮ್ಮನ್ನ ಕರೀರಿ!"

ಸುಂದರಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದರು.

"ಕಣ್ಣು ಕಾಣಲ್ವೇನಮ್ಮ? ತೊಟ್ಟು ಸಮೇತ ಹಾಕಿದೀರಲ್ಲ! ನಾಳೆಯಿಂದ ಬರಬೇಡಿ ಇನ್ನ."

"ಇಲ್ಲ ಬುದ್ಧಿ, ನಾನು ಒಂದೊಂದೂ..." ಎನ್ನುತ್ತ ಆಕೆ ತನ್ನ ಹಸಿರುಗಟ್ಟಿದ ಹೆಬ್ಬೆರಳನ್ನೇ ನೋಡಿಕೊಂಡರು, ಅದೇ ತಪ್ಪು ಮಾಡಿತೇನೋ ಎಂಬಂತೆ.

ಬೆಳಗ್ಗೆ ಆಕೆ ಮುರಿದುಕೊಟ್ಟ ಅರ್ಧ ರೊಟ್ಟಿ ಲಹರಿಗೆ ನೆನಪಾಯಿತು. ಕಹಿ ಯಾರ ಮೇಲೆ ಬೀಳುತ್ತದೆಂದು ಅವಳು ಯೋಚಿಸಿಯೇ ಇರಲಿಲ್ಲ. ಬಾಯಿ ತೆರೆದಳು.

"ಅವರಲ್ಲ ಸಾರ್, ನಾನು," ಎಂದ ವಾಗೀಶ. "ಬೆಳಗ್ಗೆ ಅವಸರದಲ್ಲಿ ಜಾಡಿ ತುಂಬಿದ್ದು ನಾನೇ. ತಪ್ಪು ನನ್ನದು. ಅಮ್ಮಾ, ಕ್ಷಮಿಸಿ." ಹಾಗೆಂದು ತನ್ನ ಕುರ್ಚಿಯನ್ನು ಎಳೆದು ಸುಂದರಮ್ಮನನ್ನು ಅದರಲ್ಲಿ ಕೂರಿಸಿದ. ಅವನು ನೀರಿನ ಲೋಟವನ್ನು ಆಕೆಯ ಕೈಗೆ ಕೊಟ್ಟು, ಬಿಗಿಯಾಗಿ ಹಿಡಿಯುವ ತನಕ ಕೈ ಬಿಡಲಿಲ್ಲ.

ಲಹರಿ ಕೌಂಟರಿನಿಂದ ಹೊರಗೆ ಬಂದಳು.

"ಸುಳ್ಳು. ತೊಟ್ಟು ಹಾಕಿದ್ದು ನಾನು, ಬೇಕಂತಲೇ," ಎಂದಳು ಎಲ್ಲರಿಗೂ ಕೇಳುವಂತೆ. "ಸುಂದರಮ್ಮ, ನಿಮ್ಮ ಎಲೆ ಬುಟ್ಟಿಯಲ್ಲಿ ಹಾಗೇ ಇದೆ. ಬೇಕಾದ್ರೆ ನನ್ನನ್ನ ಕೆಲಸದಿಂದ ಬಿಡಿಸಿ ಸಾರ್, ಅವರನ್ನಲ್ಲ." ಆಮೇಲೆ ವಾಗೀಶನ ಕಡೆ ತಿರುಗಿದಳು. ಮೂರು ವರ್ಷದಲ್ಲಿ ಮೊದಲ ಸಲ ದನಿ ಒಡೆಯಿತು. "ನಿನ್ನದಲ್ಲದ ತಪ್ಪನ್ನ ನನ್ನದು ಅನ್ನೋಕೆ ಒಂದು ಕ್ಷಣ ಸಾಕಾಯ್ತಲ್ಲೋ. ನಿನ್ನದಲ್ಲದ ಮೈಸೂರನ್ನ ನನ್ನದಲ್ಲ ಅನ್ನೋಕೆ ಮೂರು ವರ್ಷನೂ ಸಾಲಲಿಲ್ವಾ?"

ವಾಗೀಶ ತನ್ನ ಲೋಟ ಎತ್ತಿ, ಉಳಿದಿದ್ದ ಕಹಿಯನ್ನೆಲ್ಲ ತಳದವರೆಗೆ ಕುಡಿದ. ಕಣ್ಣಲ್ಲಿ ನೀರು ಬಂತು. ಒರೆಸಿಕೊಳ್ಳಲಿಲ್ಲ.

"ಅವತ್ತು ತಲೆಯಾಡಿಸೋದು ಸುಲಭ ಇತ್ತು," ಎಂದ. "ಅಷ್ಟೇ. ಬೇರೆ ಕಾರಣ ಇಲ್ಲ. ಇದ್ದಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು. ಎಲ್ಲಾ ಊರಲ್ಲೂ ಈ ಡ್ರಿಂಕ್ ಮಾಡ್ದೆ ಕಣೇ. ಒಂದು ಕಡೇನೂ ಅದು ಮೈಸೂರಾಗಲಿಲ್ಲ. ನೀನಿರಲಿಲ್ಲ. ನಿನ್ನ ಬಿಟ್ಟು ನಂಗೂ ಯಾವ ಊರೂ ಊರಾಗಲಿಲ್ಲ."

"ನಂಗೆ ಹೇಳಬೇಡ," ಎಂದಳು ಲಹರಿ. "ಅವರಿಗೆ ಹೇಳು. ಒಂದೊಂದು ಟೇಬಲ್‌ಗೂ."

ಅವಳು ಬುಟ್ಟಿಯ ಮುಚ್ಚಳ ತೆಗೆದಳು. ಸುಂದರಮ್ಮ ಬಿಡಿಸಿಟ್ಟ ಎಲೆಗಳನ್ನು ಅಂಗೈಯಲ್ಲಿ ಬಡಿದು ಘಮ ಎಬ್ಬಿಸಿ, ಹೊಸ ಜಿನ್ನಿಗೆ ಹಾಕಿ ಕಲಕಿದಳು. ವಾಗೀಶ ತಟ್ಟೆ ಹಿಡಿದು ಹೊರಟ. ಪ್ರತಿ ಟೇಬಲಿನ ಮುಂದೆ ನಿಂತು ಲೋಟ ಇಟ್ಟ. "ಈ ಮೈಸೂರು ಲಹರಿ ಅವರದು. ನಾನು ಕದ್ದಿದ್ದೆ." ಮೂರನೆಯ ಟೇಬಲಿನಲ್ಲಿ ಕಿವಿ ಕೇಳದ ಹಿರಿಯರೊಬ್ಬರು "ಏನಂದ್ರಿ?" ಎಂದರು. ಎರಡನೆಯ ಸಲ ಅವನು ಕೂಗಿ ಹೇಳಬೇಕಾಯಿತು. ಲಹರಿಗೆ ಅದು ಎಲ್ಲಕ್ಕಿಂತ ಹಿತವಾಗಿ ಕೇಳಿಸಿತು.

ನಂಜುಂಡಸ್ವಾಮಿ ಹೊಸ ಲೋಟವನ್ನು ಖಾಲಿ ಮಾಡಿ ಗೊಣಗಿದರು. "ಕಾರ್ಡ್ ಮತ್ತೆ ಪ್ರಿಂಟ್ ಹಾಕಿಸಬೇಕಲ್ರೀ." ಕೆಲಸದಿಂದ ಯಾರನ್ನೂ ಬಿಡಿಸುವ ಮಾತು ಮತ್ತೆ ಬರಲಿಲ್ಲ.

ಅತಿಥಿಗಳು ಹೋದ ಮೇಲೆ ಕೌಂಟರಿನ ಮುಂದೆ ವಾಗೀಶ ಬಂದು ಕೂತ. ಲಹರಿ ಅವನ ಮುಂದೆ ಒಂದು ಲೋಟ ಇಟ್ಟಳು. ಮಲ್ಲಿಗೆ ತೇಲುತ್ತಿತ್ತು.

"ಅರ್ಧಾನೇ ಇದೆ?"

"ಒಂಬತ್ತು ಟೇಬಲ್‌ಗೆ ಹೇಳಿದೀಯ. ಆ ಪತ್ರಿಕೆ ಓದಿದೋರಿಗೆ ಇನ್ನೂ ಹೇಳಿಲ್ಲ."

"ಹೇಳ್ತೀನಿ. ಆಮೇಲೆ?"

"ಆಮೇಲೆ ಇಲ್ಲೇ ಬಾ." ಅವಳು ಬಿಡಿಸದ ಎಲೆಯ ಕಟ್ಟೊಂದನ್ನು ಅವನ ಕಡೆ ತಳ್ಳಿದಳು. ತುಟಿಯ ತುದಿಗೆ ಬಂದ ನಗುವನ್ನು ತಡೆಯಲು ನೋಡಿದಳು, ಆಗಲಿಲ್ಲ. "ಅಲ್ಲೀತನಕ ಇದನ್ನ ಬಿಡಿಸು. ನಾರು ಉಳೀಬಾರದು, ಸುಂದರಮ್ಮ ನೋಡ್ತಾರೆ."

ಸುಂದರಮ್ಮ ಆಗಲೇ ಕನ್ನಡಕ ಹಾಕಿಕೊಂಡು ಪಕ್ಕದಲ್ಲಿ ಕೂತಿದ್ದರು.

"ಉಗುರು ಸಾಲದು ಇವನ್ದು," ಎಂದರು. "ಬೆಳೀಲಿ ಬುಡು, ಕಾಯೋಣ."