ಪಟಾಕಿ ಬರೆದ ಬೋರ್ಡು

"ಅಮ್ಮಾ, ಇನ್ನೊಬ್ರು ಬೋರ್ಡ್ ಓದ್ತಿದ್ದಾರೆ!" ಪಟಾಕಿ ಬಾಗಿಲ ಸಂದಿಯಿಂದ ಪಿಸುಗುಟ್ಟಿದಳು.

ಅಮ್ಮ ತಟ್ಟನೆ ನೆಟ್ಟಗೆ ಕುಳಿತು, ಹೊಲಿಗೆ ಮೆಷಿನ್ ಮೇಲೆ ಇಲ್ಲದ ಧೂಳನ್ನು ಒರೆಸಿದಳು. ಹೊರಗೆ ಒಬ್ಬ ದಪ್ಪ ಮೀಸೆಯವರು ನಿಂತಿದ್ದರು. ಅವರ ಕೈಯಲ್ಲಿ ಹಿಡಿ ಕಿತ್ತುಹೋದ ಬ್ಯಾಗೂ ಇತ್ತು! ಅವರು ತಲೆಯೆತ್ತಿ ಬೋರ್ಡ್ ಓದಿದರು. ಇನ್ನೊಮ್ಮೆ ಓದಿದರು. ಮೀಸೆಯೊಳಗೇ ನಕ್ಕು, ಹೊರಟೇ ಹೋದರು.

"ಯಾಕಮ್ಮಾ ಎಲ್ಲರೂ ಹೀಗೇ ಮಾಡ್ತಾರೆ?"

"ಹೊಸ ಅಂಗಡಿ ಅಲ್ವಾ ಪುಟ್ಟಾ, ಜನಕ್ಕೆ ನಂಬಿಕೆ ಬರಬೇಕು. ಅಲ್ಲಿವರೆಗೂ ನೊಣ ಹೊಡೀತಾ ಕೂತಿರೋಣ."

"ನೊಣಾನೂ ಬರ್ತಿಲ್ಲ," ಎಂದಳು ಪಟಾಕಿ.

ಪಟಾಕಿಯ ನಿಜವಾದ ಹೆಸರನ್ನು ಕರೆಯುವುದು ಶಾಲೆಯ ಹಾಜರಿಯಲ್ಲಿ ಮಾತ್ರ. ಬಾಯಿ ತೆರೆದರೆ ಪಟಪಟ ಸಿಡಿಯುವ ಹುಡುಗಿಗೆ ಇನ್ನೇನು ಹೆಸರಿಡುತ್ತಾರೆ ಹೇಳಿ!

ಅವಳ ಅಮ್ಮ ಮೊದಲು ಬ್ಯಾಗ್ ಫ್ಯಾಕ್ಟರಿಯಲ್ಲಿದ್ದಳು. ಫ್ಯಾಕ್ಟರಿಗೆ ಬೀಗ ಬಿದ್ದಾಗ ಅಲ್ಲಿಯ ಎರಡು ಹಳೆಯ ಮೆಷಿನ್ ಕೊಂಡು ತಂದು, ಮನೆಯ ಮುಂದಿನ ಕೋಣೆಯಲ್ಲೇ ರಿಪೇರಿ ಅಂಗಡಿ ತೆರೆದಳು. ಒಂದು ಮೆಷಿನ್ ಅಮ್ಮನಿಗೆ. ಇನ್ನೊಂದು ಪಕ್ಕದ ಮನೆ ಅತ್ತೆಗೆ. ಅತ್ತೆಯೂ ಅದೇ ಫ್ಯಾಕ್ಟರಿಯಲ್ಲಿ ಕೆಲಸ ಕಳೆದುಕೊಂಡವಳು. "ಕೆಲಸ ಹೆಚ್ಚಾದ ದಿನ ಕರೀತೀನಿ ಕಣೇ," ಎಂದು ಅಮ್ಮ ಮಾತು ಕೊಟ್ಟಿದ್ದಳು.

ಸದ್ಯಕ್ಕೆ ಆ ಮೆಷಿನ್ ಮೇಲೆ ಬೆಕ್ಕು ಮಲಗುತ್ತಿತ್ತು. ಎಷ್ಟು ಸಲ ಓಡಿಸಿದರೂ ಕಿಟಕಿಯಿಂದ ಹಾರಿ ಬರುತ್ತಿತ್ತು. "ಹೋದೆಯಾ ಪಿಶಾಚಿ ಅಂದ್ರೆ ಬಂದೆ ಗವಾಕ್ಷೀಲಿ ಅಂತಂತೆ!" ಎಂದು ಅಜ್ಜಿ ಬೈಯುತ್ತಿದ್ದರು.

ಪಟಾಕಿಗೆ ಬೆಕ್ಕಿನ ಚಿಂತೆ ಇರಲಿಲ್ಲ. ಅವಳ ಕಣ್ಣು ಗೋಡೆಯ ಮೊಳೆಯ ಮೇಲೆ ಇರುತ್ತಿತ್ತು. ಅಲ್ಲಿ ಅಮ್ಮನ ನೀಲಿ ಬ್ಯಾಗ್ ನೇತಾಡುತ್ತಿತ್ತು. ಅದರ ಜಿಪ್ ಸರಿಮಾಡಿ ಅಮ್ಮನೇ ನೇತುಹಾಕಿದ್ದಳು. ತಿಂಗಳ ಕೊನೆಯೊಳಗೆ ಅಂಗಡಿ ಓಡದಿದ್ದರೆ ಅಮ್ಮ ಆ ಬ್ಯಾಗ್ ತುಂಬಿಕೊಂಡು ಹೋಗಿ ದೂರದ ಊರಿನ ಫ್ಯಾಕ್ಟರಿಗೆ ಸೇರುತ್ತಾಳೆ. ಅಲ್ಲೇ ಹಾಸ್ಟೆಲಿನಲ್ಲಿ ಇರುತ್ತಾಳೆ. ತಿಂಗಳಿಗೊಮ್ಮೆ ಮನೆಗೆ ಬರುತ್ತಾಳೆ. ಅದನ್ನು ನೆನೆದರೆ ಸಾಕು, ಪಟಾಕಿಯ ಬಾಯಿಯೇ ಕಟ್ಟಿಹೋಗುತ್ತಿತ್ತು.

ಮರುದಿನ ಶಾಲೆಯಲ್ಲಿ ಅಂಗಡಿ, ಕಾರ್ಖಾನೆಗಳ ಪಾಠ ನಡೆಯಿತು. "ಹೊಸದಾಗಿ ಶುರುವಾದ ಎಷ್ಟೋ ಅಂಗಡಿಗಳು ಬೇಗ ಮುಚ್ಚಿಹೋಗ್ತವೆ. ಉಳಿದುಕೊಂಡವು ಬೆಳೆದು ನಾಲ್ಕು ಜನಕ್ಕೆ ಕೆಲಸ ಕೊಡ್ತವೆ," ಎಂದರು ಮಿಸ್.

ಪಟಾಕಿ ಕೈಯೆತ್ತಿದಳು. "ಮಿಸ್, ಯಾವುದು ಉಳಿಯುತ್ತೆ ಅಂತ ಮೊದಲೇ ಗೊತ್ತಾಗುತ್ತಾ?"

"ಯಾರಿಗೂ ಗೊತ್ತಾಗಲ್ಲ ಕಣಮ್ಮ. ಬಾಗಿಲು ತೆಗೆದು ಕೂತು ನೋಡಬೇಕು, ಅಷ್ಟೇ."

ಇದೆಂಥ ಉತ್ತರ! ಪಟಾಕಿಗೆ ಸಿಟ್ಟೇ ಬಂತು.

ಅವಳು ಮನೆಗೆ ಬಂದಾಗ ಅಂಗಡಿಯ ಮುಂದೆ ಅಂಚೆಯಕ್ಕ ಸೈಕಲ್ ನಿಲ್ಲಿಸಿಕೊಂಡಿದ್ದರು. ದಿನವೂ ಬೀದಿಗೆ ಕಾಗದ ತರುವವರು ಅವರೇ. ಅವರ ದಪ್ಪ ಕ್ಯಾನ್ವಾಸ್ ಚೀಲದ ಪಟ್ಟಿ ಕಿತ್ತುಹೋಗಿತ್ತು. ಚೀಲವನ್ನು ಮಗುವಿನಂತೆ ಅವುಚಿಕೊಂಡು ಬೋರ್ಡ್ ನೋಡುತ್ತಿದ್ದರು.

"ಏನಮ್ಮಾ ಇದು ಅನ್ಯಾಯ?" ಎಂದು ಅವರು ಒಳಗಿದ್ದ ಅಮ್ಮನನ್ನು ಕೂಗಿದರು. "ಮೂರು ಅಂಗಡಿಗೆ ಹೋಗಿ ಬಂದೆ. ಈ ದಪ್ಪ ಬಟ್ಟೆಗೆ ಸೂಜಿ ಮುರಿಯುತ್ತೆ, ಆಗಲ್ಲ ಅಂದ್ರು. ನೀವು ಬಾಯಲ್ಲಿ ಹೇಳೋ ಕಷ್ಟಾನೂ ಬೇಡ ಅಂತ ಬೋರ್ಡಲ್ಲೇ ಬರೆದುಬಿಟ್ಟಿದ್ದೀರಲ್ಲ!"

"ಏನು ಬರೆದಿದ್ದೀವಿ?" ಅಮ್ಮ ಎದ್ದು ಬಂದಳು.

ಅಂಚೆಯಕ್ಕ ಬೆರಳು ತೋರಿಸಿ ಜೋರಾಗಿ ಓದಿದರು. "ಹರಿದ ಬ್ಯಾಗುಗಳನ್ನು ರಿಪೇರಿ ಮಾಡಲಾಗದು."

ಪಟಾಕಿ ತಲೆಯೆತ್ತಿ ಬೋರ್ಡ್ ನೋಡಿದಳು. ಮಾಡಲಾಗ... ದು? 'ಮಾಡಲಾಗುವುದು' ಎಂಬುದರ 'ಗುವು' ಎಲ್ಲಿ ಹೋಯಿತು?

ಹಳೆಯ ಕಪಾಟಿನ ಬಾಗಿಲಿನ ಮೇಲೆ ಆ ಬೋರ್ಡ್ ಬರೆದವಳು ಅವಳೇ. 'ಮಾಡಲಾಗ' ಎಂದು ಬರೆಯುವಷ್ಟರಲ್ಲಿ ಅಜ್ಜಿ ಊಟಕ್ಕೆ ಕರೆದಿದ್ದರು. ಊಟ ಮುಗಿಸಿ ಓಡಿಬಂದು 'ದು' ಬರೆದು ಮುಗಿಸಿದ್ದಳು. ಅಮ್ಮನೋ, ಮಗಳ ಗುಂಡು ಅಕ್ಷರ ನೋಡಿ ಹಿಗ್ಗಿ ಹಾಗೇ ನೇತುಹಾಕಿದ್ದಳು. ಅಜ್ಜಿಯ ಕನ್ನಡಕ ಮುರಿದಿತ್ತು.

"ನನ್ನಿಂದಲೇ... ನನ್ನಿಂದಲೇ ಯಾರೂ ಬರ್ಲಿಲ್ಲ," ಎಂದು ಪಟಾಕಿ ಬಿಕ್ಕಿದಳು. "ನೀನು ಊರು ಬಿಡೋ ಹಾಗೆ ನಾನೇ ಮಾಡಿಬಿಟ್ಟೆ ಅಮ್ಮಾ!"

ಅಮ್ಮ ಬೋರ್ಡ್ ನೋಡಿದಳು, ಮಗಳನ್ನು ನೋಡಿದಳು. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ಅಂಗಡಿ ತೆರೆದ ಮೇಲೆ ಅಮ್ಮ ಹಾಗೆ ನಕ್ಕದ್ದು ಅದೇ ಮೊದಲು.

"ಅಯ್ಯೋ ಅಳಬೇಡ ಕಣೇ! ಜನ ಓದಿ ನಂಬಿದ್ರು ಅಂದ್ರೆ ನಿನ್ನ ಅಕ್ಷರ ಅಷ್ಟು ಚೆನ್ನಾಗಿದೆ ಅಂತ ಆಯ್ತಲ್ಲ!" ಎಂದು ಕಣ್ಣೊರೆಸಿಕೊಂಡು, ಅಂಚೆಯಕ್ಕನ ಕಡೆ ಕೈ ಚಾಚಿದಳು. "ಕೊಡಿ ಅಕ್ಕ ಚೀಲ. ಫ್ಯಾಕ್ಟರೀಲಿ ಟೆಂಟಿನ ಬಟ್ಟೆಯ ಬ್ಯಾಗ್ ಹೊಲಿದ ಮೆಷಿನ್ ಇದು. ನಿಮ್ಮ ಚೀಲಕ್ಕೆ ಹೆದರುತ್ತಾ?"

ದಪ್ಪ ಸೂಜಿ, ಮೇಣ ಹಚ್ಚಿದ ದಾರ. ಮೆಷಿನ್ ದಡದಡ ಗುಡುಗಿತು. ಬೆಕ್ಕು ಬೆಚ್ಚಿ ಕಣ್ಣು ಬಿಟ್ಟಿತು. ಅಂಚೆಯಕ್ಕ ಪಟ್ಟಿಯನ್ನು ಜಗ್ಗಿದರು, ಸೈಕಲ್ಲಿಗೆ ಕಟ್ಟಿ ಮತ್ತೆ ಜಗ್ಗಿದರು. ಒಂದು ಎಳೆಯೂ ಅಲುಗಲಿಲ್ಲ.

"ಭಲೇ!" ಎಂದರು ಅವರು. "ಮಾಡಲಾಗದು ಅಂತ ಇನ್ಯಾರಾದರೂ ಹೇಳಲಿ, ಸೀದಾ ಇಲ್ಲಿಗೇ ತರ್ತೀನಿ."

ಪಟಾಕಿಯ ಅಳು ಗಕ್ಕನೆ ನಿಂತಿತು. "ಏನಂದ್ರಿ? ಇನ್ನೊಂದ್ಸಲ ಹೇಳಿ!"

ಅಂಚೆಯಕ್ಕ ಇನ್ನೊಮ್ಮೆ ಹೇಳಿದರು. ಪಟಾಕಿ ಬಣ್ಣದ ಡಬ್ಬಿ ಹುಡುಕಲು ಒಳಗೆ ಓಡಿದಳು. ಬಿಟ್ಟುಹೋದ ಅಕ್ಷರ ತುರುಕಲು ಬೋರ್ಡಿನಲ್ಲಿ ಜಾಗ ಇರಲಿಲ್ಲ ನಿಜ. ಆದರೆ ಕಪಾಟಿಗೆ ಇನ್ನೊಂದು ಬಾಗಿಲಿತ್ತಲ್ಲ! ಈ ಸಲ ಅಜ್ಜಿ ಎಷ್ಟು ಕೂಗಿದರೂ ಅವಳು ಊಟಕ್ಕೆ ಏಳಲಿಲ್ಲ. ಬರೆದು ಮುಗಿಸಿ, ಒಂದೊಂದೇ ಅಕ್ಷರ ಮುಟ್ಟಿ ನೋಡಿ, ಬೆರಳೆಲ್ಲ ಕೆಂಪು ಮಾಡಿಕೊಂಡಳು.

ಮರುದಿನ ಅಂಗಡಿಯ ಮೇಲೆ ಎರಡು ಬೋರ್ಡ್ ಇದ್ದವು.

ಹರಿದ ಬ್ಯಾಗುಗಳನ್ನು ರಿಪೇರಿ ಮಾಡಲಾಗದು

ಎಂದು ಯಾರಾದರೂ ಹೇಳಿದರೆ ಇಲ್ಲಿಗೆ ತನ್ನಿ!

ಜನ ಮೊದಲಿನಂತೆಯೇ ನಿಂತು ಓದಿದರು, ನಕ್ಕರು. ಆದರೆ ಈಗ ನಗುತ್ತಲೇ ಒಳಗೆ ಬಂದರು. ದಪ್ಪ ಮೀಸೆಯವರು ಬಂದರು. ಬ್ಯಾಂಡಿನವರು ಡ್ರಮ್ಮಿನ ಚೀಲ ತಂದರು. ಪಾಠ ಮಾಡಿದ ಮಿಸ್ಸೇ ಜಿಪ್ ಹೋದ ಬ್ಯಾಗ್ ಹಿಡಿದು ಬಂದರು! ಕೊನೆಗೆ ಅಂಚೆಯಕ್ಕ ತಮ್ಮ ಆಫೀಸಿನ ಹರಿದ ಚೀಲಗಳನ್ನೆಲ್ಲ ಆಟೋದಲ್ಲಿ ಹೇರಿಕೊಂಡು ಬಂದರು. ಕೋಣೆಯಲ್ಲಿ ಕಾಲಿಡಲು ಜಾಗ ಉಳಿಯಲಿಲ್ಲ.

ಅಮ್ಮ ಸೊಂಟದ ಮೇಲೆ ಕೈಯಿಟ್ಟು ಆ ರಾಶಿ ನೋಡಿದಳು. ಆಮೇಲೆ ಕಿಟಕಿಯಿಂದ ತಲೆ ಹೊರಗೆ ಹಾಕಿ ಬೀದಿಗೆಲ್ಲ ಕೇಳುವಂತೆ ಕೂಗಿದಳು. "ಏ, ಬಾರೇ! ನಿನ್ನ ಮೆಷಿನ್ ಕಾಯ್ತಿದೆ!"

ಅತ್ತೆ ಕೈ ಒರೆಸಿಕೊಳ್ಳುತ್ತಾ ಓಡಿಬಂದಳು. "ನಿಜವಾಗ್ಲೂ? ದಿನಾ ಬರಬೇಕಾ?"

"ದಿನಾ ಬರಬೇಕು. ಲೇಟಾದ್ರೆ ಬೈತೀನಿ," ಎಂದಳು ಅಮ್ಮ.

ಅತ್ತೆ ಬೆಕ್ಕನ್ನು ಎತ್ತಿ ಕೆಳಗಿಳಿಸಿದಳು. ಮೆಷಿನ್ನಿಗೆ ಎಣ್ಣೆ ಬಿಟ್ಟು, ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಕುಳಿತಳು. ಎರಡು ಮೆಷಿನ್ನುಗಳು ಒಟ್ಟಿಗೇ ದಡದಡ ಎಂದವು. ಅಜ್ಜಿ ಕಿವಿ ಮುಚ್ಚಿಕೊಂಡು ನಕ್ಕರು.

ತಿಂಗಳ ಕೊನೆಯ ದಿನ ಪಟಾಕಿ ಶಾಲೆಯಿಂದ ಓಡುತ್ತಾ ಬಂದಳು. ಬಂದವಳೇ ಮೊಳೆ ನೋಡಿದಳು. ಮೊಳೆ ಬರಿದಾಗಿತ್ತು!

"ಅಮ್ಮಾ, ನೀಲಿ ಬ್ಯಾಗು?"

ಅಮ್ಮ ಹೊಲಿಗೆಯಿಂದ ತಲೆಯೆತ್ತದೆ ಗಲ್ಲದಲ್ಲೇ ಮೂಲೆ ತೋರಿಸಿದಳು. ಅಲ್ಲಿ ನೆಲದ ಮೇಲೆ ನೀಲಿ ಬ್ಯಾಗ್ ಬಾಯಿ ತೆರೆದು ಬಿದ್ದಿತ್ತು. ಅದರೊಳಗೆ ಹಳೆಯ ಟವೆಲ್ ಹಾಸಿತ್ತು. ಟವೆಲ್ ಮೇಲೆ ಬೆಕ್ಕು ಸುರುಳಿ ಸುತ್ತಿ ಮಲಗಿತ್ತು.

"ಪಾಪ, ಅದರ ಜಾಗ ಕಿತ್ಕೊಂಡ್ವಲ್ಲ," ಎಂದಳು ಅಮ್ಮ. "ಆ ಬ್ಯಾಗು ಇನ್ನು ಅದಕ್ಕೇ ಇರಲಿ."

ಪಟಾಕಿ ಬೆಕ್ಕಿನ ಪಕ್ಕ ನೆಲದ ಮೇಲೆ ಕುಳಿತು, ಮೆಷಿನ್ನುಗಳ ಸದ್ದು ಕೇಳತೊಡಗಿದಳು.